ನ್ಯಾಸಾಪಹಾರ ದೋಷವೂ ವಿವಾಹಪೂರ್ವದ ಲಿಖಿತ ಕರಾರೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಶ್ರಾವಕನ ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ನ್ಯಾಸಾಪಹಾರ ಎಂಬ ಎರಡು ಒಂದರ ಪಕ್ಕದಲ್ಲೊಂದು ಬರುತ್ತವೆ. ಕೂಟಲೇಖವೆಂದರೆ ಸುಳ್ಳು ಪತ್ರದ ಸೃಷ್ಟಿ. ನ್ಯಾಸಾಪಹಾರವೆಂದರೆ ನಂಬಿ ಇರಿಸಿದ ಒಡವೆಯ ಅಪಹರಣ. ಇದು ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರದೆ ಸತ್ಯವ್ರತದ ಅತಿಚಾರಗಳಲ್ಲಿ ಸೇರಿರುವುದೇಕೆಂದು ಓದುಗರಿಗೆ ಸಂದೇಹ ಬರಬಹುದು. ಪೂಜ್ಯಪಾದ ಆಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಉತ್ತರವಿದೆ. ಹೊನ್ನನ್ನು ಇಟ್ಟವನು ಎಷ್ಟು ಇಟ್ಟೆನೆಂಬ ಲೆಕ್ಕವನ್ನು ಮರೆತು ಕಡಿಮೆ ಕೇಳುತ್ತಾನೆ. ಇರಿಸಿಕೊಂಡವನಿಗೆ ನಿಜವಾದ ಲೆಕ್ಕ ಗೊತ್ತು. ಆದರೂ ಅವನು ಹೌದು, ಅಷ್ಟೇ ಎಂದು ಒಪ್ಪಿ, ಕೇಳಿದಷ್ಟನ್ನು ಕೊಟ್ಟು ಸುಮ್ಮನಾಗುತ್ತಾನೆ. ಇಲ್ಲಿ ಬೀಗ ಮುರಿದವರಿಲ್ಲ, ಗೋಡೆಗೆ ಕನ್ನ ಕೊರೆದವರಿಲ್ಲ. ಒಬ್ಬನ ಮರೆವಿನ ಮೇಲೆ ಇನ್ನೊಬ್ಬನ ಒಂದು ಮಾತು ಕೆಲಸ ಮಾಡಿದೆ. ಆದುದರಿಂದಲೇ ಅದು ವಚನದ ದೋಷ.

ಈ ವ್ಯಾಖ್ಯಾನವನ್ನು ವ್ಯಾಪಾರದ ಕೊಡುಕೊಳೆಗೆ ಅನ್ವಯಿಸಿ ಓದುವವರು ಅನೇಕರು. ಮದುವೆಯ ಸಂದರ್ಭಕ್ಕೆ ಅನ್ವಯಿಸುವವರು ವಿರಳ. ಗೃಹಸ್ಥನ ಮನೆಯಲ್ಲಿ ಲೆಕ್ಕವಿಲ್ಲದೆ ಇರಿಸಲ್ಪಡುವ ಅತಿ ದೊಡ್ಡ ನ್ಯಾಸವಾದರೋ ಸೊಸೆಯು ತವರಿನಿಂದ ತಂದ ಚಿನ್ನ ಮತ್ತು ಹಣವೇ ಆಗಿದೆ. ಮದುವೆಯ ಮರುದಿನ ಅದು ಅತ್ತೆಯ ಪೆಟ್ಟಿಗೆಯನ್ನೋ ಅಂಗಡಿಯ ತಿಜೋರಿಯನ್ನೋ ಸೇರುತ್ತದೆ. ಸುಗ್ಗಿಯ ಖರೀದಿಗೆ ಹಣ ಸಾಲದಾದಾಗ ಅಡವಿಗೆ ಹೋಗುತ್ತದೆ. ಕೆಲವೊಮ್ಮೆ ಬಿಡಿಸಿಕೊಂಡು ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಎಷ್ಟು ತೊಲ ಇತ್ತೆಂದು ಕೇಳಿದರೆ ತಂದವಳಿಗೂ ನೆನಪಿಲ್ಲ, ಇರಿಸಿಕೊಂಡವರೂ ಹೇಳುವುದಿಲ್ಲ. ಪೂಜ್ಯಪಾದರು ವರ್ಣಿಸಿದ ಸನ್ನಿವೇಶ ಅಕ್ಷರಶಃ ಅಲ್ಲಿ ನಡೆದಿರುತ್ತದೆ.

ಈ ದೋಷದ ಪರಿಹಾರವೂ ದೋಷದ ಸ್ವರೂಪದಲ್ಲಿಯೇ ಅಡಗಿದೆ. ಉಭಯತರಿಗೂ ಲೆಕ್ಕ ನೆನಪಿರುವ ಕಾಲದಲ್ಲಿ, ಅಂದರೆ ವಿವಾಹಕ್ಕೆ ಮೊದಲು, ಅದನ್ನು ಬರೆದಿಡುವುದೇ ಆ ಪರಿಹಾರ. ಇಂದು ಪೇಟೆಯ ಸುಶಿಕ್ಷಿತ ಕುಟುಂಬಗಳಲ್ಲಿ ವಿವಾಹಪೂರ್ವ ಕರಾರಿನ ಮಾತು ಕೇಳಿಬಂದಾಗ ಹಿರಿಯರು ಅದನ್ನು ಪರದೇಶದ ಪದ್ಧತಿಯೆಂದು ತಿರಸ್ಕರಿಸುವುದುಂಟು. ಆದರೆ ಸ್ತ್ರೀಯ ಸೊತ್ತನ್ನು ಗಂಡನ ಸೊತ್ತಿನಿಂದ ಬೇರೆಯಾಗಿ ಗುರುತಿಸುವ ಪದ್ಧತಿ ಈ ನೆಲದಲ್ಲಿ ಬಹು ಪುರಾತನವಾದುದು.

ಕೌಟಿಲ್ಯನ ಅರ್ಥಶಾಸ್ತ್ರವು ಸ್ತ್ರೀಧನವನ್ನು ವೃತ್ತಿ ಮತ್ತು ಆಬಂಧ್ಯವೆಂದು ಎರಡಾಗಿ ವಿಂಗಡಿಸುತ್ತದೆ. ವೃತ್ತಿಯೆಂದರೆ ಜೀವನಾಧಾರಕ್ಕಾಗಿ ಕೊಟ್ಟದ್ದು. ಅದಕ್ಕೆ 2000 ಪಣಗಳ ಮೇಲ್ಮಿತಿ. ಆಬಂಧ್ಯವೆಂದರೆ ಮೈಮೇಲೆ ಧರಿಸುವ ಆಭರಣ, ಅದಕ್ಕೆ ಮಿತಿಯಿಲ್ಲ. ಕ್ಷಾಮ, ರೋಗ, ಭಯ, ಧರ್ಮಕಾರ್ಯ ಮುಂತಾದ ಆಪತ್ತುಗಳಲ್ಲಿ ಗಂಡನು ಅದನ್ನು ಬಳಸಿದರೆ ದೋಷವಿಲ್ಲವೆಂದು ಅಲ್ಲಿ ಹೇಳಿದೆ. ಈ ವಿನಾಯಿತಿಗಳನ್ನು ಎಣಿಸಿ ಹೇಳಬೇಕಾಗಿ ಬಂದುದೇ ಉಳಿದ ಸಮಯದಲ್ಲಿ ಬಳಸುವ ಅಧಿಕಾರ ಅವನಿಗಿರಲಿಲ್ಲವೆಂಬುದಕ್ಕೆ ಸಾಕ್ಷಿ. ಜೈನ ಪರಂಪರೆಯ ನೀತಿಗ್ರಂಥಗಳಾದ ಭದ್ರಬಾಹು ಸಂಹಿತೆ ಮತ್ತು ಹೇಮಚಂದ್ರಾಚಾರ್ಯರ ಹೆಸರಿನಲ್ಲಿರುವ ಅರ್ಹನ್ನೀತಿಗಳು ದಾಯಭಾಗವನ್ನು ವಿವರಿಸುವಾಗ ಸ್ತ್ರೀಧನಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಡುತ್ತವೆ. ಅಗ್ನಿಸಾಕ್ಷಿಯಾಗಿ ಕೊಟ್ಟದ್ದು, ತವರಿನಿಂದ ಹೊರಡುವಾಗ ತಂದದ್ದು, ಪ್ರೀತಿಯಿಂದ ಕೊಟ್ಟದ್ದು, ವಿವಾಹಾನಂತರ ಎರಡೂ ಮನೆಗಳಿಂದ ಬಂದದ್ದು, ಹೀಗೆ ಅದರ ಬಗೆಗಳನ್ನು ಎಣಿಸಲಾಗಿದೆ.

ಜೈನ ಸ್ತ್ರೀಯರು ತಮ್ಮ ಹೆಸರಿನಲ್ಲಿಯೇ ದಾನಧರ್ಮಗಳನ್ನು ಮಾಡಿದ್ದಕ್ಕೆ ಕನ್ನಡ ನಾಡಿನ ಶಾಸನಗಳು ಸಾಕ್ಷಿಯಾಗಿವೆ. ಲಕ್ಕುಂಡಿಯ 1007ರ ಶಾಸನವು ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಯನ್ನು ಸಾರುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಪುಣ್ಯವತಿ ಆಕೆ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದವಳು ಶಾಂತಲದೇವಿ. ತನ್ನದೆಂಬ ದ್ರವ್ಯವಿಲ್ಲದವರಿಗೆ ಇಂತಹ ದಾನ ಸಾಧ್ಯವಲ್ಲ. ತುಳುನಾಡಿನ ಜೈನರಲ್ಲಿ ಅಳಿಯಸಂತಾನ ಕಟ್ಟು ನಡೆದುಬಂದಿತ್ತು. ಅಲ್ಲಿ ಮನೆತನದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುತ್ತಿತ್ತು. ವಿವಾಹವಾದ ಮಾತ್ರಕ್ಕೆ ಹೆಂಡತಿಯು ತನ್ನ ಕುಟುಂಬದ ಹಕ್ಕನ್ನು ಕಳೆದುಕೊಳ್ಳುತ್ತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಆ ವ್ಯವಸ್ಥೆಯ ರೂಪವನ್ನು ಬದಲಿಸಿದವು.

ಆದರೆ ರೂಢಿಯೊಂದನ್ನೇ ನಂಬಿ ಬರವಣಿಗೆಯನ್ನು ಅಲಕ್ಷಿಸಿದ ಸಮಾಜ ಅದಕ್ಕೆ ಬೆಲೆ ತೆರಬೇಕಾಯಿತು. ಬ್ರಿಟಿಷರ ನ್ಯಾಯಾಲಯಗಳು ವಿಶೇಷ ರೂಢಿ ರುಜುವಾತಾಗದಿದ್ದಲ್ಲಿ ಜೈನರಿಗೆ ಹಿಂದೂ ನ್ಯಾಯವನ್ನೇ ಅನ್ವಯಿಸುತ್ತಿದ್ದವು. ಶಿವಸಿಂಗ ರಾಯ ಮತ್ತು ದಾಖೋ ಇವರ ಮೊಕದ್ದಮೆ 1878ರಲ್ಲಿ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಮಕ್ಕಳಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯಲ್ಲಿ ಪೂರ್ಣ ಹಕ್ಕುಂಟೆಂದೂ ಗಂಡನ ಅಪ್ಪಣೆಯಿಲ್ಲದೆ ದತ್ತು ಸ್ವೀಕರಿಸಬಹುದೆಂದೂ ಅಲ್ಲಿ ತೀರ್ಮಾನವಾಯಿತು. ತೀರ್ಪು ವಿಧವೆಯ ಪರವಾಗಿಯೇ ಬಂದಿತು. ಆದರೆ ಅದಕ್ಕಾಗಿ ಸಮಾಜದ ರೂಢಿ ಇಂತಹುದೆಂದು ಗೃಹಸ್ಥರ ಸಾಕ್ಷ್ಯದಿಂದ ಸ್ಥಾಪಿಸಬೇಕಾಯಿತು. ಇಂತಹ ಕಷ್ಟವನ್ನು ಕಂಡೇ ಬ್ಯಾರಿಸ್ಟರ್ ಚಂಪತರಾಯ ಜೈನರು ಪ್ರಾಚೀನ ಗ್ರಂಥಗಳಲ್ಲಿ ಚದುರಿದ್ದ ವಿಧಿಗಳನ್ನು ಒಟ್ಟುಗೂಡಿಸಿ 1926ರಲ್ಲಿ ಜೈನ ನ್ಯಾಯದ ಗ್ರಂಥವನ್ನು ಪ್ರಕಟಿಸಿದರು. ಒಂದು ಸಮಾಜಕ್ಕೆ ಒದಗಿದ ಈ ತೊಡಕು ಬರವಣಿಗೆಯಿಲ್ಲದ ಪ್ರತಿಯೊಂದು ಮನೆಗೂ ಒದಗಬಹುದಾದುದೇ.

ವ್ಯಾಪಾರಿ ಕುಟುಂಬಗಳಿಗೆ ಹೆಚ್ಚಿನ ಭಯ ಸಾಲಗಾರರಿಂದ. ಅಂಗಡಿ ಮುಳುಗಿದಾಗ ಸೊಸೆಯ ಚಿನ್ನ ಅಂಗಡಿಯ ಬಂಡವಾಳವೋ ಆಕೆಯ ಸ್ವಂತದ್ದೋ ಎಂಬ ಪ್ರಶ್ನೆ ಏಳುತ್ತದೆ. ಕಿರ್ದಿಯಲ್ಲಿ ಅದರ ಹೆಸರಿಲ್ಲದಿದ್ದರೆ ಉತ್ತರ ಕಠಿಣ. ಈ ವಿಷಯದಲ್ಲಿ ಕಾಯಿದೆ ಒದಗಿಸಿರುವ ಒಂದು ರಕ್ಷಣೆಯ ಕಥೆ ತಿಳಿಯತಕ್ಕದ್ದು. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ 6ನೆಯ ಕಲಮಿನಂತೆ, ಗಂಡನು ತನ್ನ ಜೀವವಿಮೆಯನ್ನು ಹೆಂಡತಿ ಮಕ್ಕಳ ಹಿತಕ್ಕಾಗಿ ಎಂದು ಪಾಲಿಸಿಯಲ್ಲಿಯೇ ಬರೆಯಿಸಿದರೆ ಆ ಹಣ ನ್ಯಾಸವಾಗುತ್ತದೆ. ಅವನ ಸಾಲಗಾರರು ಅದನ್ನು ಮುಟ್ಟಲಾರರು, ಅವರನ್ನು ವಂಚಿಸುವ ಉದ್ದೇಶವೊಂದು ಇರಬಾರದಷ್ಟೆ. ಆದರೆ ಮೂಲ ಕಾಯಿದೆಯು ಹಿಂದೂ, ಮುಸಲ್ಮಾನ, ಬೌದ್ಧ, ಸಿಖ್ಖರೊಡನೆ ಜೈನರನ್ನೂ ಹೆಸರಿಸಿ ಹೊರಗಿಟ್ಟಿತ್ತು. ಮುಂದೆ 1923ರ ತಿದ್ದುಪಡಿಯಿಂದ ಈ ವಿಮೆಯ ಅನುಕೂಲ ಜೈನರಿಗೂ ದೊರೆಯಿತು. ಮದರಾಸಿನಲ್ಲಿ 1913ರ ಡಿಸೆಂಬರ್ 31ರ ನಂತರ ಮಾಡಿಸಿದ ಪಾಲಿಸಿಗಳಿಗೂ ಅದು ಅನ್ವಯಿಸಿತು. ಇಂದಿಗೂ ಪಾಲಿಸಿಯ ಅರ್ಜಿಯೊಡನೆ ಈ ಕಾಯಿದೆಯ ಪತ್ರವನ್ನು ತುಂಬುವ ಸೌಲಭ್ಯವಿದೆ. ಅದನ್ನು ಬಳಸಿಕೊಳ್ಳದೆ ಕೇವಲ ನಾಮಿನಿಯ ಹೆಸರು ಬರೆದು ತೃಪ್ತರಾಗುವವರೇ ಹೆಚ್ಚು.

ಹಾಗಾದರೆ ವಿವಾಹಪೂರ್ವದ ಕರಾರಿಗೆ ಈ ದೇಶದಲ್ಲಿ ಬೆಲೆಯೆಷ್ಟು? ವಿಷಯವನ್ನು ಎರಡಾಗಿ ವಿಂಗಡಿಸಿ ನೋಡಬೇಕು. ದಾಂಪತ್ಯದ ಕರ್ತವ್ಯಗಳನ್ನೇ ಕಟ್ಟಿಹಾಕುವ ಷರತ್ತುಗಳು ಮೊದಲನೆಯವು. ವಿವಾಹಕ್ಕೆ ಮೊದಲೇ ಮಾಡಿಕೊಂಡ ಕರಾರಿನ ಬಲದಿಂದ ಹೆಂಡತಿಯನ್ನು ಆಕೆಯ ತಾಯಿಯ ಮನೆಯಿಂದ ಎಂದಿಗೂ ಕರೆದೊಯ್ಯದಂತೆ ಗಂಡನನ್ನು ನಿರ್ಬಂಧಿಸಲಾಗದೆಂದು ಕಲಕತ್ತೆಯ ಉಚ್ಚ ನ್ಯಾಯಾಲಯವು 1901ರಲ್ಲಿಯೇ ತೀರ್ಮಾನಿಸಿದೆ. 1872ರ ಕರಾರು ಕಾಯಿದೆಯ 23ನೆಯ ಕಲಮು ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದವನ್ನು ಮಾನ್ಯ ಮಾಡುವುದಿಲ್ಲ. ಆದುದರಿಂದ ವಿಚ್ಛೇದನವಾದರೆ ಇಷ್ಟೇ ಕೊಡುವೆನು, ಜೀವನಾಂಶ ಕೇಳಕೂಡದು ಎಂಬಂತಹ ಬರಹವನ್ನು ನಂಬಿ ಕೂರುವುದು ವಿವೇಕವಲ್ಲ. ಯಾರ ಸೊತ್ತು ಯಾವುದು, ಯಾರ ಸಾಲ ಯಾವುದು ಎಂದು ವಿವಾಹದ ಕಾಲದಲ್ಲಿ ಗುರುತಿಸಿ ಸಹಿ ಹಾಕುವುದು ಎರಡನೆಯ ಬಗೆ. ಅದು ನಿಜಸ್ಥಿತಿಯ ದಾಖಲೆ. ವಿವಾದ ಹುಟ್ಟಿದಾಗ ಸಾಕ್ಷ್ಯವಾಗಿ ನಿಲ್ಲುವುದು ಅದೇ.

ನೆರೆಯ ಗೋವೆಯಲ್ಲಿ ಮಾತ್ರ ಸ್ಥಿತಿ ಬೇರೆ. 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಕೌಟುಂಬಿಕ ನಿಯಮಗಳು ವಿಮೋಚನೆಯ ನಂತರವೂ ಅಲ್ಲಿ ಉಳಿದುಬಂದವು. ವಿವಾಹಕ್ಕೆ ಮುನ್ನ ಅಧಿಕೃತ ಪತ್ರದ ಮೂಲಕ ಬೇರೆ ಬಗೆಯ ಏರ್ಪಾಟು ಮಾಡಿಕೊಳ್ಳದಿದ್ದರೆ ದಂಪತಿಗಳ ಆಸ್ತಿಯೆಲ್ಲವೂ ಸಾಮಾನ್ಯವಾಗಿ ಸಮಪಾಲಿನದಾಗುತ್ತದೆ. ಜಾತಿಮತಗಳ ಭೇದ ಇದಕ್ಕಿಲ್ಲ. ಬೆಳಗಾವಿ, ಕಾರವಾರಗಳ ಕಡೆಯಿಂದ ಗೋವೆಯ ಮನೆತನಗಳೊಡನೆ ಸಂಬಂಧ ಬೆಳೆಸುವವರು ನಿಶ್ಚಿತಾರ್ಥಕ್ಕೆ ಮೊದಲೇ ಅಲ್ಲಿನ ವಕೀಲರ ಸಲಹೆ ಪಡೆಯುವುದು ಒಳಿತು.

ಭಾರತದ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಪ್ರತಿಭಾ ರಾಣಿಯವರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಜೈನ ಗೃಹಸ್ಥರು ವಿಶೇಷವಾಗಿ ಮನನ ಮಾಡಬೇಕು. ಸ್ತ್ರೀಧನವು ಹೆಂಡತಿಯ ಸ್ವಂತ ಸೊತ್ತು, ಗಂಡನ ಮನೆಯ ವಶದಲ್ಲಿದ್ದ ಮಾತ್ರಕ್ಕೆ ಅದು ಅವರದಾಗುವುದಿಲ್ಲ, ನಂಬಿ ಒಪ್ಪಿಸಿದ್ದನ್ನು ಮರಳಿ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಅದರ ಸಾರ. ಆಚಾರ್ಯರು ನ್ಯಾಸಾಪಹಾರವೆಂದು ಕರೆದುದನ್ನು ನ್ಯಾಯಾಧೀಶರು ತಮ್ಮ ಪರಿಭಾಷೆಯಲ್ಲಿ ಹೇಳಿದರು. 1997ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೂ ಆ ನಿಲುವನ್ನು ಎತ್ತಿಹಿಡಿಯಿತು.

ಅದೇ 1985ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆಯ ಅಡಿಯಲ್ಲಿ ಉಡುಗೊರೆಗಳ ಪಟ್ಟಿಯ ನಿಯಮಗಳು ಜಾರಿಗೆ ಬಂದವು. ವಧುವಿಗೆ ಬಂದುದರ ಪಟ್ಟಿಯನ್ನು ವಧು, ವರನಿಗೆ ಬಂದುದರ ಪಟ್ಟಿಯನ್ನು ವರ ಇಟ್ಟುಕೊಳ್ಳಬೇಕು. ಮದುವೆಯ ಸಮಯದಲ್ಲಿಯೇ ಅಥವಾ ಆದಷ್ಟು ಬೇಗ ಅದನ್ನು ಬರೆಯಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧಿಯಾಗಿದ್ದರೆ ಸಂಬಂಧ ಇವುಗಳನ್ನು ನಮೂದಿಸಿ ಇಬ್ಬರೂ ಸಹಿ ಮಾಡಬೇಕು. ಕೇಳಿ ಪಡೆದ ವರದಕ್ಷಿಣೆಯನ್ನು ಈ ಪಟ್ಟಿಯು ಧರ್ಮವನ್ನಾಗಿ ಮಾಡುವುದಿಲ್ಲ. ಅದು ಅಪರಾಧವಾಗಿಯೇ ಉಳಿಯುತ್ತದೆ. ಕೇಳದೆ ಪ್ರೀತಿಯಿಂದ ಬಂದುದಕ್ಕೆ ಮಾತ್ರ ಅದು ಸಾಕ್ಷಿ. ಮದುವೆಯ ಮನೆಯಲ್ಲಿ ಒಂದು ಮೂಲೆಗೆ ಕುಳಿತು ನೂರೊಂದು ರೂಪಾಯಿ ಮುಯ್ಯಿಯನ್ನೂ ಹೆಸರು ಸಹಿತ ಬರೆದುಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಆದರೆ ಮಗಳ ಮೈಮೇಲಿನ ಮೂವತ್ತು ತೊಲ ಬಂಗಾರಕ್ಕೆ ಒಂದು ಸಾಲಿನ ಬರಹವಿರುವುದಿಲ್ಲ.

ಇದಕ್ಕೆ ಹಿರಿಯರು ಹೇಳುವ ಆಕ್ಷೇಪ ಒಂದೇ. ಮಂಗಲಕಾರ್ಯದ ಹೊಸ್ತಿಲಲ್ಲಿ ಲೆಕ್ಕಪತ್ರ ತೆರೆದರೆ ಅಪನಂಬಿಕೆಯಿಂದ ಸಂಸಾರ ಆರಂಭಿಸಿದಂತಾಗುವುದು ಎಂಬುದು. ಈ ಆಕ್ಷೇಪದಲ್ಲಿರುವ ನೋವು ನಿಜವಾದುದು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಒಂದೇ ತಾಯಿಯ ಮಕ್ಕಳು ಕೂಡಿ ಅಂಗಡಿ ಇಟ್ಟಾಗಲೂ ಪಾಲುಗಾರಿಕೆ ಪತ್ರ ಬರೆಯಿಸಿ, 1932ರ ಪಾಲುಗಾರಿಕೆ ಕಾಯಿದೆಯಂತೆ ನೋಂದಾಯಿಸುತ್ತಾರೆ. ಅಣ್ಣತಮ್ಮಂದಿರ ಪ್ರೀತಿಗೆ ಅದರಿಂದ ಕುಂದು ಬಂದಿತೆಂದು ಯಾರೂ ಹೇಳಿಲ್ಲ. ಪತ್ರವಿಲ್ಲದ ಕಡೆಯೇ ಮನೆ ಒಡೆದುದನ್ನು ಪೇಟೆಯ ಪ್ರತಿಯೊಂದು ಬೀದಿಯೂ ಕಂಡಿದೆ. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯಗಳಿಗೆ ತಾನೇ ಮಿತಿ ಹಾಕಿಕೊಳ್ಳಬೇಕು. ತನ್ನದೆಷ್ಟೆಂದು ತಿಳಿಯದವನಿಗೆ ಮಿತಿ ಹಾಕಿಕೊಳ್ಳುವುದು ಹೇಗೆ ಸಾಧ್ಯ? ಸೊಸೆಯ ಸೊತ್ತನ್ನೂ ತನ್ನ ಲೆಕ್ಕದಲ್ಲಿ ಸೇರಿಸಿಕೊಂಡವನ ವ್ರತ ಮೊದಲ ದಿನವೇ ಕದಡಿರುತ್ತದೆ.

ಬರೆಯುವಾಗ ಕೂಟಲೇಖದ ಎಚ್ಚರವೂ ಇರಬೇಕು. ಇಲ್ಲದ ಒಡವೆಯನ್ನು ಸೇರಿಸಿ ಬೆಲೆ ಉಬ್ಬಿಸುವುದು, ಸಾಲವನ್ನು ಮುಚ್ಚಿಡುವುದು ಎರಡೂ ಅದೇ ಸೂತ್ರದ ವ್ಯಾಪ್ತಿಗೆ ಬರುವ ದೋಷಗಳು. ವಧುವಿನ ಸ್ವಂತ ಸಂಪಾದನೆ ಮತ್ತು ಓದಿಗಾಗಿ ಮಾಡಿದ ಸಾಲ, ವರನ ಅಂಗಡಿಯ ಬಾಧ್ಯತೆಗಳು, ಮರುವಿವಾಹವಾದರೆ ಮೊದಲ ಸಂಬಂಧದ ಮಕ್ಕಳಿಗೆ ಸೇರತಕ್ಕ ಆಸ್ತಿ, 2005ರ ತಿದ್ದುಪಡಿಯಿಂದ ಮಗಳಿಗೆ ತವರಿನ ಅವಿಭಕ್ತ ಆಸ್ತಿಯಲ್ಲಿ ಬಂದಿರುವ ಹಕ್ಕು, ಇವೆಲ್ಲವೂ ಎರಡೂ ಕಡೆಯವರಿಗೆ ತಿಳಿದಿರಬೇಕು. ಸ್ಥಿರಾಸ್ತಿಯನ್ನು ಕೊಡುವುದಿದ್ದರೆ ಪಟ್ಟಿಯಲ್ಲಿ ಬರೆದರೆ ಸಾಲದು. ದಾನಪತ್ರವೋ ವ್ಯವಸ್ಥಾಪತ್ರವೋ ನೋಂದಣಿಯಾಗಬೇಕು. ಮದುವೆಯ ನಂತರ ಸೊಸೆಯ ಹಣವನ್ನು ವ್ಯಾಪಾರಕ್ಕೆ ತೆಗೆದುಕೊಂಡರೆ ಆಕೆಯ ಹೆಸರಿನಲ್ಲಿ ಖಾತೆ ತೆರೆದು ಜಮಾ ಮಾಡಬೇಕು, ಬಡ್ಡಿಯನ್ನೂ ಕಟ್ಟಬೇಕು.

ಈ ಕಾರ್ಯದಲ್ಲಿ ಬಸದಿಗಳ ಆಡಳಿತ ಮಂಡಳಿಗಳು ಮುಂದಾಗಬಹುದು. ಸಮುದಾಯ ಭವನವನ್ನು ವಿವಾಹಕ್ಕೆ ಕೊಡುವ ದಿನವೇ ಪಟ್ಟಿಯ ಎರಡು ನಮೂನೆಗಳನ್ನು ಉಭಯ ಕುಟುಂಬಗಳಿಗೂ ಕೊಡಬಹುದು. ಲಗ್ನಪತ್ರಿಕೆಯನ್ನು ಓದುವ ದಿನ ಹಿರಿಯರ ಸಮಕ್ಷಮದಲ್ಲಿ ಅದಕ್ಕೂ ಸಹಿಯಾದರೆ ಯಾರಿಗೂ ಸಂಕೋಚವಿರದು. ಒಂದು ಮನೆ ಕೇಳಿದರೆ ಅಪನಂಬಿಕೆಯೆನಿಸುವುದು, ಎಲ್ಲ ಮನೆಗಳೂ ಪಾಲಿಸಿದರೆ ಸಂಪ್ರದಾಯವೆನಿಸುವುದು. ಮೂಲಪ್ರತಿ ವಧುವಿನ ಕೈಯಲ್ಲಿರಲಿ, ಇನ್ನೊಂದು ಪ್ರತಿ ವರನ ಮನೆಯಲ್ಲಿರಲಿ. ಮುಂದೆ ಎಂದಾದರೂ ಆಕೆ ತನ್ನ ಒಡವೆಯನ್ನು ಕೇಳುವ ಪ್ರಸಂಗ ಬಂದರೆ, ಲೆಕ್ಕ ಮರೆತವಳ ಮುಂದೆ ಮೌನವಾಗಿ ಕುಳಿತುಕೊಳ್ಳಬೇಕಾದ ಪಾಪದಿಂದ ಆ ಮನೆಯವರೂ ಪಾರಾಗುತ್ತಾರೆ.