ರಾಯಚೂರು ಸೀಮೆಯ ಫುಟ್‌ಬಾಲ್: ಹೈದರಾಬಾದಿನ ಹಿನ್ನೆಲೆ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುದರಿಂದ, ಈ ಸೀಮೆಯ ಫುಟ್‌ಬಾಲಿನ ಹಿನ್ನೆಲೆಯನ್ನು ಬೆಂಗಳೂರಿಗಿಂತ ಮೊದಲು ಹೈದರಾಬಾದಿನಲ್ಲಿ ಅರಸುವುದೇ ಸಮಂಜಸ. ವೃತ್ತಿಯಿಂದ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ ಆಟವನ್ನು ಸಂಘಟಿಸಿದರಲ್ಲದೆ, ಅವರು ತರಬೇತು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಆಟಕ್ಕೆ ಸಂಬಳ ಪಡೆಯದವರೇ ಹವ್ಯಾಸಿ ಆಟಗಾರರು ಎಂಬುದು ಅಂದಿನ ನಿಯಮವಾದರೂ, ಪೊಲೀಸ್ ಇಲಾಖೆಯ ನೌಕರಿಯೇ ಈ ತಂಡದ ಆಟಗಾರರಿಗೆ ಆಸರೆಯಾಗಿತ್ತು. ಹವ್ಯಾಸವೆಂಬ ಮಾತು ಇಲ್ಲಿ ಅರ್ಧಸತ್ಯವೇ ಸರಿ. ಪ್ರತಿ ಕ್ಲಬ್ಬೂ ಉಳಿದವುಗಳೊಡನೆ ಆಡಿ ಗಳಿಸಿದ ಅಂಕಗಳಿಂದ ಸ್ಥಾನ ನಿರ್ಣಯವಾಗುವ ಲೀಗ್ ಪದ್ಧತಿಗೆ ಒತ್ತೊತ್ತಾಗಿ ಹಲವು ತಂಡಗಳು ಬೇಕಾದುದರಿಂದ, ಅದು ಪೊಲೀಸ್, ರೈಲ್ವೆ, ಗಿರಣಿಗಳಿದ್ದ ನಗರಗಳಿಗೆ ಒಗ್ಗಿದಷ್ಟು ಸುಲಭವಾಗಿ ದೂರದ ತಾಲೂಕುಗಳಿಗೆ ಒಗ್ಗುವಂತಹದಲ್ಲ. ಮೈಸೂರು ಸೀಮೆಯ ಪರಂಪರೆಯೂ ಕಡಿಮೆಯದಲ್ಲ: ರೋವರ್ಸ್ ಕಪ್ ಗೆದ್ದ, ಸೇನೆಗೆ ಸೇರದ ಮೊದಲ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್. ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ, ರಹೀಮ್ ತರಬೇತಿಯ ಭಾರತ ತಂಡ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು.