ಧಾರವಾಡದ ಇಲಿ, ಲಂಡನ್ನಿನ ನಂಬರು

ನಾನು ಕೃಷ್ಣಾ ದಂಡೆಯ ಯಡೂರಿನವನು. ನಮ್ಮ ಕಡೆ ಹೊಲದ ಉತಾರ, ಅಂದ್ರೆ ಪಹಣಿ ತೆಗೀಬೇಕಾದ್ರೆ ಬರೀ "ಸರ್ವೆ ನಂಬರ್ 45" ಅಂದ್ರೆ ಸಾಲೋದಿಲ್ಲ. ಆ ನಂಬರು ಪಕ್ಕದೂರಲ್ಲೂ ಇರಬಹುದು. ಜಿಲ್ಲೆ ಬೆಳಗಾವಿ, ತಾಲೂಕು ಚಿಕ್ಕೋಡಿ, ಊರು ಯಡೂರು, ಸರ್ವೆ ನಂಬರ್, ಹಿಸ್ಸಾ: ಇಷ್ಟೂ ಕೂಡಿದಾಗಲೇ ಅದು ಒಂದೇ ಒಂದು ಹೊಲ. ಹೀಗೆ ತುಂಡುತುಂಡಾಗಿ ಜೋಡಿಸಿದ ಗುರುತಿನ ಕಥೆಯೇ ಇವತ್ತಿನ ಕಂತು. ಹೊಲದ್ದಲ್ಲ, ಹೊಲದಲ್ಲಿರೋ ಇಲಿಯದ್ದು.

1824ರ ಕಿತ್ತೂರು ಕಾಳಗ ನಿಮಗೆ ಗೊತ್ತು. ಕಲೆಕ್ಟರ್ ಥ್ಯಾಕರೆ ಸತ್ತ. ಆಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಕಂಪನಿ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೂ ಇದೇ ಸೀಮೆಯಲ್ಲಿ ಉಳಿದ ಈತ ಪ್ರಾಣಿಗಳನ್ನು ಸಂಗ್ರಹಿಸಿದ, ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ. ಎರೆಭೂಮಿಯ ಬಿರುಕುಗಳಲ್ಲಿ ವಾಸಿಸಿ ಬಿತ್ತಿದ ಕಾಳನ್ನೇ ತಿನ್ನುವ ಮೆತ್ತನೆ ಕೂದಲಿನ ಒಂದು ಇಲಿಯೂ ಅದರಲ್ಲಿದೆ. ಅದನ್ನು ಹಿಡಿಯುತ್ತಿದ್ದ ಒಡ್ಡರು ಕರೆಯುತ್ತಿದ್ದ ಹೆಸರು "ಮೆಟ್ಟಡೆ" ಅಂತ ಎಲಿಯಟ್ ಬರೆದ. 1837ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಇಟ್ಟು ಇವತ್ತಿಗೂ ಉಳಿದಿರುವ ಹೆಸರು "ಮೆಲ್ಟಡ". ಎರಡೇ ಅಕ್ಷರದ ವ್ಯತ್ಯಾಸ! ಮನುಷ್ಯರಿಗೆ ಅರ್ಥವಾಗುತ್ತೆ, ಕಂಪ್ಯೂಟರಿಗೆ ಅವು ಎರಡು ಬೇರೆ ಪದ.

ಹೆಸರು ಹೀಗಾದರೆ ನಂಬರಾದರೂ ಗಟ್ಟಿ ಇರಬೇಕಲ್ವಾ? ಆ ಮ್ಯೂಸಿಯಂನಲ್ಲಿ ನಂಬರಿನ ಪದ್ಧತಿ ಹೀಗಿತ್ತು: ವರ್ಷ, ತಿಂಗಳು, ದಿನ, ಕ್ರಮಸಂಖ್ಯೆ. ಆದರೆ ಆ ದಿನ ಪ್ರಾಣಿ ಸಿಕ್ಕ ದಿನವಲ್ಲ, ದಾಖಲೆ ಪುಸ್ತಕಕ್ಕೆ ಸೇರಿದ ದಿನ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದದ್ದೂ ಉಂಟು. 79 ಅಂದ್ರೆ 1879 ಅಂತ ಓದಬೇಕೋ, 1979 ಅಂತಲೋ?

ಆಮೇಲೆ ಮ್ಯೂಸಿಯಂ ಹೆಸರೇ ಬದಲಾಯ್ತು. ಪ್ರಾಣಿ-ಸಸ್ಯ ವಿಭಾಗ 1963ರಲ್ಲಿ ಕಾನೂನಿನಿಂದಲೇ ಬೇರೆಯಾಯ್ತು, 1992ರಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಎನಿಸಿತು. ಹಾಗಾಗಿ ಒಂದೇ ಚರ್ಮದ ನಂಬರಿನ ಮುಂದೆ ಒಬ್ಬರು ಬಿಎಂ ಅಂತ, ಇನ್ನೊಬ್ಬರು ಬಿಎಂಎನ್‌ಎಚ್ ಅಂತ, ಮತ್ತೊಬ್ಬರು ಎನ್‌ಎಚ್‌ಎಂಯುಕೆ ಅಂತ ಬರೀತಾರೆ. ನಮ್ಮ ಜಿಲ್ಲೆಯೂ ಹಾಗೇ: 1956ರವರೆಗೆ ಬಾಂಬೆಯಲ್ಲಿ, ಆಮೇಲೆ ಮೈಸೂರಿನಲ್ಲಿ, 1973ರಿಂದ ಕರ್ನಾಟಕದಲ್ಲಿ. ಇಂಗ್ಲಿಷಿನ ಬೆಲ್ಗಾಂ 2014ರಲ್ಲಿ ಬೆಳಗಾವಿ ಆಯ್ತು. ಹೊಲ ಮಾತ್ರ ಇದ್ದಲ್ಲೇ ಇದೆ.

2009ರಲ್ಲಿ ಡಾರ್ವಿನ್ ಕೋರ್ ಎಂಬ ಮಾನದಂಡ ಅಧಿಕೃತವಾಯ್ತು. ಅದರ ಮೂರು ಅಂಕಣಗಳನ್ನು, ಅಂದ್ರೆ ಸಂಸ್ಥೆಯ ಸಂಕೇತ, ಸಂಗ್ರಹದ ಸಂಕೇತ, ಕ್ಯಾಟಲಾಗ್ ನಂಬರು, ಪೋಣಿಸಿ ಗುರುತು ಮಾಡುವ ರೂಢಿ ಬೆಳೆಯಿತು. ಥೇಟ್ ನಮ್ಮ ಉತಾರದ ಹಾಗೆ. ಆದರೆ ಬೇರೆ ಬೇರೆ ಡೇಟಾಬೇಸ್‌ಗಳಲ್ಲಿ ಈ ತ್ರಿವಳಿಯನ್ನು ಬೇರೆ ಬೇರೆ ಥರ ಬರೆದಿರ್ತಾರೆ, ಹಾಗಾಗಿ ಅದನ್ನು ನೆಚ್ಚಿಕೊಳ್ಳೋಕಾಗಲ್ಲ ಅಂತ ರಾಬರ್ಟ್ ಗುರಾಲ್ನಿಕ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು.

ಇದರಿಂದ ನಮಗೇನು ಅಂತೀರಾ? ಇಲಿಯ ಚರ್ಮ ಒಂದು ಡೇಟಾಬೇಸ್‌ನಲ್ಲಿ, ಅದರ ಡಿಎನ್‌ಎ ಇನ್ನೊಂದರಲ್ಲಿ ಇರುತ್ತೆ. ಕೊಂಡಿ ತಪ್ಪಿದರೆ ಆ ಡಿಎನ್‌ಎ ಯಾವ ಊರಿನ ಇಲಿಯದ್ದು ಅನ್ನೋದೇ ಗೊತ್ತಾಗಲ್ಲ, ಇಲ್ಲಾ ಒಂದೇ ಇಲಿ ಎರಡಾಗಿ ಎಣಿಕೆಯಾಗುತ್ತೆ. ಪೈರು ತಿನ್ನುವ ಪ್ರಾಣಿಯ ವಿಷಯದಲ್ಲಿ ಈ ಗೊಂದಲ ರೈತರಿಗೇ ನಷ್ಟ. ನಮ್ಮ ನೆಲದಿಂದ ಹೋದದ್ದು ಲಂಡನ್ನಿನ ಕಪಾಟಿನಲ್ಲಿದೆ. ಅಲ್ಲಿಗೆ ನಮಗಿರೋ ದಾರಿ ಆ ನಂಬರೇ.

ಈಗಿನ ಪರಿಹಾರ ಆಧಾರ್ ಥರದ್ದು. ಆಧಾರ್‌ನ 12 ಅಂಕಿಯಲ್ಲಿ ನಿಮ್ಮ ಊರಿಲ್ಲ, ಹುಟ್ಟಿದ ದಿನವಿಲ್ಲ. ಅದಕ್ಕೇ ಮನೆ ಬದಲಾದರೂ ಅದು ಬದಲಾಗಲ್ಲ. ಲಂಡನ್ ಮ್ಯೂಸಿಯಂ ಕೂಡ ತನ್ನ ಆನ್‌ಲೈನ್ ದಾಖಲೆಗಳಿಗೆ ಹೀಗೇ ಅರ್ಥವಿಲ್ಲದ ಉದ್ದನೆಯ ಗುರುತು ಕೊಟ್ಟಿದೆ, ಹಳೇ ನಂಬರನ್ನೂ ಪಕ್ಕದಲ್ಲಿ ಉಳಿಸಿಕೊಂಡಿದೆ. ಅದನ್ನು ಅಳಿಸುವ ಹಾಗಿಲ್ಲ. ನೂರು ವರ್ಷದ ಹಿಂದಿನ ಪುಸ್ತಕಗಳಿಗೆ ಗೊತ್ತಿರೋದು ಆ ನಂಬರು ಮಾತ್ರ.

ಮುಂದಿನ ಕಂತಿನಲ್ಲಿ ಸಿಗೋಣ.