ಶುಲ್ಕ ಕಟ್ಟುವ ಮುನ್ನ: ಮಗುವಿಗೆ ಸೂಕ್ತ ಶಾಲೆಯ ಆಯ್ಕೆ

ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಇಂದು ಮನೆಗಳಲ್ಲಿ ಶಾಲೆಯ ಚರ್ಚೆ ಆರಂಭವಾಗುತ್ತದೆ. ದೀಪಾವಳಿ ಕಳೆಯುತ್ತಿದ್ದಂತೆಯೇ ನಗರಗಳ ಅನೇಕ ಖಾಸಗಿ ಶಾಲೆಗಳು ಮುಂದಿನ ಜೂನ್ ತಿಂಗಳ ಪ್ರವೇಶಕ್ಕೆ ಅರ್ಜಿ ವಿತರಿಸತೊಡಗುತ್ತವೆ. ಎತ್ತರದ ಕಟ್ಟಡ, ಜಾಹೀರಾತು, ಬಂಧುಮಿತ್ರರ ಶಿಫಾರಸು ಇವನ್ನೇ ನಂಬಿ ಹಣ ಕಟ್ಟುವ ಪೋಷಕರು ಕಡಿಮೆಯೇನಲ್ಲ. ಒಮ್ಮೆ ಸೇರಿಸಿದ ಶಾಲೆಯನ್ನು ನಡುವೆ ಬದಲಿಸುವುದು ಹಣದ ದೃಷ್ಟಿಯಿಂದಲೂ ಮಗುವಿನ ಮನಸ್ಸಿನ ದೃಷ್ಟಿಯಿಂದಲೂ ಸುಲಭವಲ್ಲ. ಆದ್ದರಿಂದ ಮೊದಲು ಶಾಲೆಯ ಮಾನ್ಯತೆಯನ್ನೂ ಬಳಿಕ ಮನೆಯಿಂದ ಅದಕ್ಕಿರುವ ದೂರವನ್ನೂ ಕೊನೆಗೆ ತರಗತಿಯ ವಾತಾವರಣವನ್ನೂ ಪರಿಶೀಲಿಸುವುದು ಕ್ಷೇಮಕರ.

ಮಾನ್ಯತೆ ಇದೆಯೇ?

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮಾನ್ಯತೆಯಿಲ್ಲದೆ ಶಾಲೆ ನಡೆಸುವವರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದ್ದು, ಅದನ್ನು ಮುಂದುವರಿಸಿದರೆ ದಿನಕ್ಕೆ 10 ಸಾವಿರ ರೂಪಾಯಿವರೆಗೆ ಹೆಚ್ಚುವರಿ ದಂಡ ವಿಧಿಸಬಹುದು. ಆದರೆ ದಂಡ ಬೀಳುವುದು ಸಂಸ್ಥೆಗಾದರೂ ತೊಂದರೆ ಅನುಭವಿಸುವುದು ಮಕ್ಕಳು. ಮಾನ್ಯತೆಯಿಲ್ಲದ ಶಾಲೆಯ ವಿದ್ಯಾರ್ಥಿ ಬೇರೊಂದು ಶಾಲೆಯ ಹೆಸರಿನಲ್ಲಿ ಪರೀಕ್ಷೆಗೆ ಕೂರಬೇಕಾದ ಸ್ಥಿತಿ ಒದಗಬಹುದು.

ಮಾನ್ಯತೆ ಪತ್ರವನ್ನು ಕೇಳುವಾಗ ಅದು ಎಷ್ಟನೇ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ, ಯಾವ ವರ್ಷದವರೆಗೆ ಎಂಬ ಮೂರು ಅಂಶಗಳನ್ನು ಗಮನಿಸಬೇಕು. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದ ಶಾಲೆಗಳ ಮಾನ್ಯತೆಯನ್ನು 2006ರಲ್ಲಿ ರಾಜ್ಯ ಸರ್ಕಾರ ರದ್ದುಪಡಿಸಿದಾಗ ಆತಂಕಕ್ಕೆ ಸಿಲುಕಿದವರು ಪೋಷಕರೇ. ಪ್ರತಿ ಶಾಲೆಗೂ ಯುಡೈಸ್ ಎಂಬ 11 ಅಂಕಿಗಳ ಸಂಕೇತ ಸಂಖ್ಯೆ ಇರುತ್ತದೆ. ಅನುಮಾನವಿದ್ದರೆ ಆ ಸಂಖ್ಯೆಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಪಠ್ಯಕ್ರಮ ಮತ್ತು ಮಾಧ್ಯಮ

ರಾಜ್ಯ ಪಠ್ಯಕ್ರಮ, ಸಿಬಿಎಸ್‌ಇ ಹಾಗೂ ಐಸಿಎಸ್‌ಇ ಇವು ನಗರದ ಪೋಷಕರ ಮುಂದಿರುವ ಮುಖ್ಯ ಆಯ್ಕೆಗಳು. ಮೇಲಿಂದ ಮೇಲೆ ಬೇರೆ ರಾಜ್ಯಗಳಿಗೆ ವರ್ಗವಾಗುವ ಕುಟುಂಬಗಳಿಗೆ ಸಿಬಿಎಸ್‌ಇ ಅನುಕೂಲಕರ. ಕರ್ನಾಟಕದಲ್ಲಿಯೇ ನೆಲೆಸುವವರಿಗೆ ರಾಜ್ಯ ಪಠ್ಯಕ್ರಮದಿಂದ ಯಾವ ನಷ್ಟವೂ ಇಲ್ಲ. ಇಲ್ಲಿ ಎಚ್ಚರ ವಹಿಸಬೇಕಾದದ್ದು ‘ಸಿಬಿಎಸ್‌ಇ ಮಾದರಿ’ ಎಂಬ ಮಾತಿನ ಬಗ್ಗೆ. ಮಾದರಿ ಬೇರೆ, ಮಂಡಳಿಯ ಸಂಯೋಜನೆ ಬೇರೆ. ಸಿಬಿಎಸ್‌ಇ ಎಂದು ನಂಬಿ ಸೇರಿಸಿದ ಶಾಲೆಗೆ ಸಂಯೋಜನೆಯೇ ಇಲ್ಲವೆಂದು ತಿಳಿದು ಬೆಂಗಳೂರಿನಲ್ಲಿ ಪೋಷಕರು ಬೀದಿಗಿಳಿದದ್ದು 2023ರ ಜನವರಿಯಲ್ಲಿ. ಸಂಯೋಜನಾ ಸಂಖ್ಯೆಯನ್ನು ಪಡೆದು ಮಂಡಳಿಯ ಜಾಲತಾಣದಲ್ಲಿ ತಾಳೆ ನೋಡಲು ಐದು ನಿಮಿಷ ಸಾಕು. ಒಂದೇ ಸಂಸ್ಥೆಗೆ ಹಲವು ಶಾಖೆಗಳಿದ್ದರೆ ನಿಮ್ಮ ಬಡಾವಣೆಯ ಶಾಖೆಗೂ ಸಂಯೋಜನೆ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು.

ಪ್ರಾಥಮಿಕ ಹಂತದ ಬೋಧನಾ ಮಾಧ್ಯಮವನ್ನು ಆರಿಸುವ ಹಕ್ಕು ಪೋಷಕರದೇ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲಿ ತೀರ್ಪು ನೀಡಿತು. ಹಕ್ಕಿನೊಂದಿಗೆ ಹೊಣೆಯೂ ಬರುತ್ತದೆ. ಮನೆಯಲ್ಲಿ ಆಡದ ಭಾಷೆಯಲ್ಲಿ ಮಗು ಕಲಿಯಬೇಕಾದರೆ ಮೊದಲ ವರ್ಷಗಳಲ್ಲಿ ಅದಕ್ಕೆ ನೆರವಾಗಲು ಮನೆಯವರಿಂದ ಸಾಧ್ಯವೇ ಎಂಬುದನ್ನು ಯೋಚಿಸಬೇಕು. ಇಂಗ್ಲಿಷ್ ಮಾಧ್ಯಮವನ್ನೇ ಆರಿಸಿದರೂ ಕನ್ನಡ ತಪ್ಪಬಾರದು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದನ್ನು ಕಡ್ಡಾಯಗೊಳಿಸಿದೆ.

ದೂರ ಎಷ್ಟು?

ಬೆಂಗಳೂರಿನಂತಹ ನಗರದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಕ್ಕಿಂತ ನಿಮಿಷಗಳಲ್ಲಿ ಅಳೆಯುವುದೇ ಸರಿ. ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ಮಾದರಿ ನಿಯಮಗಳು 1ರಿಂದ 5ನೇ ತರಗತಿಯ ಮಗುವಿಗೆ 1 ಕಿ.ಮೀ. ನಡಿಗೆಯ ಒಳಗೆ ಶಾಲೆ ಇರಬೇಕೆನ್ನುತ್ತವೆ. ದಿನವೂ ಬಸ್ಸಿನಲ್ಲಿ ಎರಡು ಗಂಟೆ ಕಳೆಯುವ ಮಗು ಕಳೆದುಕೊಳ್ಳುವುದು ಆಟ ಮತ್ತು ನಿದ್ದೆಯನ್ನು. ಶಾಲಾ ವಾಹನ ಹೊರಡುವ ಹೊತ್ತಿಗೆ ಒಮ್ಮೆ ಸ್ವತಃ ಆ ದಾರಿಯಲ್ಲಿ ಹೋಗಿ ಬಂದರೆ ನಿಜಸ್ಥಿತಿ ತಿಳಿಯುತ್ತದೆ.

ತರಗತಿಯ ಒಳಗೆ

ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ, 6ರಿಂದ 8ನೇ ತರಗತಿಯಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂಬುದು ಕಾಯ್ದೆಯ ಮಾನದಂಡ. ಭೇಟಿಯ ವೇಳೆ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಎಣಿಸಿ. ಶಿಕ್ಷಕರು ಎಷ್ಟು ವರ್ಷಗಳಿಂದ ಅಲ್ಲಿದ್ದಾರೆಂದು ಕೇಳಿ. ವರ್ಷವರ್ಷವೂ ಶಿಕ್ಷಕರು ಬಿಟ್ಟುಹೋಗುವ ಶಾಲೆಯ ಬಗ್ಗೆ ಎರಡು ಸಲ ಯೋಚಿಸಿ. ಶೌಚಾಲಯ, ಕುಡಿಯುವ ನೀರು ಮತ್ತು ಆಟದ ಮೈದಾನವನ್ನು ನೋಡದೆ ಹಿಂದಿರುಗಬೇಡಿ. ಮಕ್ಕಳನ್ನು ದಂಡಿಸುವುದನ್ನು ಕಾಯ್ದೆ ನಿಷೇಧಿಸಿದೆ. ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಪರಿಶೀಲಿಸಲಾಗಿದೆಯೇ ಎಂದು ಕೇಳಲು ಸಂಕೋಚ ಬೇಡ.

ವಯಸ್ಸು, ಸಂದರ್ಶನ, ಶುಲ್ಕ

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. 2025–26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತ್ತು. ಎಲ್‌ಕೆಜಿಗೆ ಸೇರಿಸುವಾಗಲೇ ಈ ಲೆಕ್ಕ ಹಾಕದಿದ್ದರೆ ಮಗು ಒಂದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಬೇಕಾದೀತು.

ಪ್ರವೇಶಕ್ಕಾಗಿ ಮಗುವನ್ನೋ ಪೋಷಕರನ್ನೋ ಪರೀಕ್ಷಿಸುವುದು ಕಾಯ್ದೆಗೆ ವಿರುದ್ಧ. ಮೊದಲ ಬಾರಿಗೆ 25 ಸಾವಿರ, ಬಳಿಕ ಪ್ರತಿ ಬಾರಿಗೆ 50 ಸಾವಿರ ರೂಪಾಯಿವರೆಗೆ ದಂಡವಿದೆ. ವಂತಿಗೆ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ ವಿಧಿಸಬಹುದು. ಆದರೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಬೋಧನಾ ಶುಲ್ಕ, ಪುಸ್ತಕ, ಸಮವಸ್ತ್ರ, ವಾಹನ ಎಲ್ಲವನ್ನೂ ಲಿಖಿತವಾಗಿ ಕೇಳಿ ಪಡೆದು, ಪ್ರತಿಯೊಂದಕ್ಕೂ ರಸೀದಿ ಪಡೆಯಬೇಕು. ದೂರುಗಳಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರಕ್ಕೆ ಸಲ್ಲಿಸಬಹುದು.

ಸರ್ಕಾರಿ ಶಾಲೆಯನ್ನೂ ನೋಡಿ

ಪಟ್ಟಿಯಿಂದ ಸರ್ಕಾರಿ ಶಾಲೆಯನ್ನು ನೋಡದೆಯೇ ಕೈಬಿಡುವುದು ಸರಿಯಲ್ಲ. 2018–19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕದಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಯುವ ವ್ಯವಸ್ಥೆಯಿದೆ. 2019–20ರಿಂದ ಆಯ್ದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳೂ ತೆರೆದವು. ನಿಮ್ಮ ಮನೆಯ ಸಮೀಪದ ಸರ್ಕಾರಿ ಶಾಲೆಗೂ ಮೇಲಿನ ಪ್ರಶ್ನೆಗಳನ್ನೇ ಅನ್ವಯಿಸಿ ನೋಡಿ.

ಎರಡು ಶಾಲೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಎರಡರ ಗೇಟಿನ ಬಳಿಯೂ ಅರ್ಧ ಗಂಟೆ ನಿಲ್ಲಿ. ಹೊರಬರುವ ಮಕ್ಕಳ ಮುಖಗಳನ್ನು ಗಮನಿಸಿ, ಅಲ್ಲಿ ಕಾಯುವ ಪೋಷಕರನ್ನು ಮಾತನಾಡಿಸಿ. ಶುಲ್ಕ ಕಟ್ಟುವ ನಿರ್ಧಾರವನ್ನು ಅನಂತರ ಕೈಗೊಳ್ಳಿ.